ನಮ್ಮ ಲ್ಯಾಬಿನ ಫೋಲ್ಡರ್ ಯಾರಿಗೆ ತೆರೆದಿರಬೇಕು?



ಪ್ರಾಕ್ಟಿಕಲ್ ಪರೀಕ್ಷೆಗೆ ಇನ್ನು ಹತ್ತು ದಿನ ಇರುವಾಗ ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ನಡೆದದ್ದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿದೆ. ಬೆಳಿಗ್ಗೆ ಮೊದಲ ಪೀರಿಯಡ್‌ಗೆ ನಾವು ಲ್ಯಾಬಿಗೆ ಹೋದಾಗ ಸರ್ವರಿನಲ್ಲಿದ್ದ 'ಫೈನಲ್' ಎಂಬ ಫೋಲ್ಡರ್ ಖಾಲಿಯಾಗಿತ್ತು. ದ್ವಿತೀಯ ಪಿಯುಸಿಯ ನಾವು ವರ್ಷವಿಡೀ ಬರೆದ ಪ್ರೋಗ್ರಾಮುಗಳು, ಸರ್ ತಿದ್ದಿ ಸರಿಯಾಗಿದೆ ಎಂದು ಒಪ್ಪಿದ ಪ್ರತಿಗಳು, ರೆಕಾರ್ಡಿಗೆ ಅಂಟಿಸಲು ಪ್ರಿಂಟ್ ತೆಗೆಯಬೇಕಿದ್ದ ಔಟ್‌ಪುಟ್‌ಗಳು, ಎಲ್ಲವೂ ಹೋಗಿದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ.

ಹಿಂದಿನ ದಿನ ಲ್ಯಾಬಿನಿಂದ ಕೊನೆಗೆ ಹೊರಗೆ ಬಂದವನು ಪ್ರಥಮ ಪಿಯುಸಿಯ ಒಬ್ಬ ಹುಡುಗ. ಅವನ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಸಂಜೆಯ ಬಸ್ಸು ಬರುವವರೆಗೆ ಸರ್ ಹತ್ತಿರ ಕೇಳಿಕೊಂಡು ಲ್ಯಾಬಿನಲ್ಲಿ ಕುಳಿತು ಅಭ್ಯಾಸ ಮಾಡುತ್ತಿದ್ದ. ರಿಜಿಸ್ಟರಿನಲ್ಲಿ ಕೊನೆಯ ಸಹಿ ಅವನದಾಗಿತ್ತು. "ಅವನೇ ಏನೋ ಮಾಡಿರಬೇಕು" ಎಂದು ಮೊದಲು ಹೇಳಿದ್ದು ನಾನು.

ಮಧ್ಯಾಹ್ನದ ಊಟದ ಹೊತ್ತಿಗೆ ಅದು ಇಡೀ ಕಾಲೇಜಿನ ಮಾತಾಯಿತು. 'ಇರಬೇಕು' ಎಂಬುದು ಹೋಗಿ 'ಅವನೇ' ಎಂದಾಯಿತು. ಮರುದಿನ ಅವನ ತಂದೆ ಒಂದು ದಿನದ ಕೆಲಸ ಬಿಟ್ಟು ಬಂದು ಆಫೀಸಿನ ಹೊರಗಿನ ಬೆಂಚಿನಲ್ಲಿ ಕುಳಿತಿದ್ದರು. ಹುಡುಗನನ್ನು ಮೂರು ದಿನ ಅಮಾನತು ಮಾಡುವ ಮಾತು ಬಂದಿತ್ತು. ಅವನು ಅಳುತ್ತಾ "ನಾನು ಮುಟ್ಟಿಲ್ಲ ಸರ್" ಎಂದಷ್ಟೇ ಹೇಳುತ್ತಿದ್ದ.

ಆ ಸಂಜೆ ನಮ್ಮ ಕಾಲೇಜಿನಲ್ಲೇ ಓದಿ ಈಗ ಇಂಜಿನಿಯರಿಂಗ್ ಮಾಡುತ್ತಿರುವ ಒಬ್ಬರು ಅಕ್ಕನನ್ನು ಸರ್ ಕರೆಸಿದರು. ಫೈಲುಗಳನ್ನು ಹೇಗಾದರೂ ವಾಪಸ್ ತರಬಹುದೇ ಎಂದು ನೋಡಲು. ಫೈಲುಗಳು ಸಿಗಲಿಲ್ಲ. ಆದರೆ ಅಕ್ಕನಿಗೆ ಬೇರೆ ಒಂದು ಸಂಗತಿ ಸಿಕ್ಕಿತು. ಅದನ್ನು ಎಲ್ಲರಿಗೂ ತಿಳಿಸಬೇಕು ಎಂದೇ ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ನಮ್ಮ ಲ್ಯಾಬಿನ ವ್ಯವಸ್ಥೆ ಹೇಗಿದೆ ಎಂದು ಹೇಳುತ್ತೇನೆ. ಕಾಮರ್ಸ್ ಮತ್ತು ಆರ್ಟ್ಸ್ ವಿಭಾಗದ ಗೆಳೆಯರಿಗೂ ಅರ್ಥವಾಗಬೇಕಲ್ಲ. ಲ್ಯಾಬಿನ ಮೂಲೆಯಲ್ಲಿ ಮಾನಿಟರ್ ಇಲ್ಲದ ಒಂದು ಕಂಪ್ಯೂಟರ್ ಸದಾ ಆನ್ ಆಗಿರುತ್ತದೆ. ಅದೇ ಸರ್ವರ್. ಅದರಲ್ಲಿ ಲಿನಕ್ಸ್ ಇದೆ. ಅದರ ಹಾರ್ಡ್ ಡಿಸ್ಕಿನಲ್ಲಿರುವ ಫೋಲ್ಡರುಗಳನ್ನು ಉಳಿದ ಮೂವತ್ತು ಕಂಪ್ಯೂಟರುಗಳು ತಮ್ಮೊಳಗೇ ಇರುವ ಫೋಲ್ಡರುಗಳಂತೆ ನೆಟ್‌ವರ್ಕ್ ಮೂಲಕ ಬಳಸುತ್ತವೆ. ಇದಕ್ಕೆ ನೆಟ್‌ವರ್ಕ್ ಫೈಲ್ ಸಿಸ್ಟಮ್, ಚಿಕ್ಕದಾಗಿ ಎನ್‌ಎಫ್‌ಎಸ್ ಎಂದು ಹೆಸರು. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1984ರಲ್ಲಿ ಇದನ್ನು ರೂಪಿಸಿತು. ಆ ಕಂಪನಿಯನ್ನು 1982ರಲ್ಲಿ ಸ್ಥಾಪಿಸಿದವರಲ್ಲಿ ಭಾರತದಲ್ಲಿ ಹುಟ್ಟಿ ದೆಹಲಿ ಐಐಟಿಯಲ್ಲಿ ಓದಿದ ವಿನೋದ್ ಖೋಸ್ಲಾ ಅವರೂ ಒಬ್ಬರು. ನಲವತ್ತು ವರ್ಷ ಕಳೆದರೂ ಜಗತ್ತಿನ ಎಷ್ಟೋ ಕಾಲೇಜು, ಆಫೀಸುಗಳಲ್ಲಿ ಅದೇ ವ್ಯವಸ್ಥೆ ಇಂದಿಗೂ ಕೆಲಸ ಮಾಡುತ್ತಿದೆ.

ಯಾವ ಫೋಲ್ಡರನ್ನು ಯಾವ ಕಂಪ್ಯೂಟರಿಗೆ ಎಷ್ಟರಮಟ್ಟಿಗೆ ತೆರೆದಿಡಬೇಕು ಎಂಬುದನ್ನು ಸರ್ವರಿನ ಒಂದು ಸಣ್ಣ ಫೈಲಿನಲ್ಲಿ ಬರೆದಿಡುತ್ತಾರೆ. ಆ ಫೈಲಿನ ಹೆಸರು 'ಎಕ್ಸ್‌ಪೋರ್ಟ್ಸ್'. ಒಂದು ಫೋಲ್ಡರಿಗೆ ಒಂದು ಸಾಲು. ಸಾಲಿನಲ್ಲಿ ಮೊದಲು ಫೋಲ್ಡರಿನ ಹೆಸರು, ನಂತರ ಯಾವ ಕಂಪ್ಯೂಟರಿಗೆ ಎಂಬುದು, ಅದಕ್ಕೆ ಅಂಟಿಕೊಂಡಂತೆ ಬ್ರಾಕೆಟ್ಟಿನೊಳಗೆ ಅನುಮತಿ. 'ಆರ್‌ಒ' ಎಂದರೆ ಓದಲು ಮಾತ್ರ. 'ಆರ್‌ಡಬ್ಲ್ಯೂ' ಎಂದರೆ ಓದಲೂ ಬರೆಯಲೂ. ಬರೆಯಲು ಬಿಟ್ಟರೆ ಅಳಿಸಲೂ ಬಿಟ್ಟಂತೆ.

'ಫೈನಲ್' ಫೋಲ್ಡರಿನಲ್ಲಿ ಬರೆಯಲು ಸರ್ ಕಂಪ್ಯೂಟರಿಗೆ ಮಾತ್ರ ಅನುಮತಿ ಇರಬೇಕು ಎಂಬುದು ಉದ್ದೇಶವಾಗಿತ್ತು. ಸರ್ ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸ 192.168.1.10. ಆದ್ದರಿಂದ ಸಾಲು ಹೀಗಿರಬೇಕಿತ್ತು. ಇಂಗ್ಲಿಷಿನಲ್ಲಿ ಟೈಪ್ ಮಾಡುವುದನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ:

/ಫೈನಲ್ 192.168.1.10(ಆರ್‌ಡಬ್ಲ್ಯೂ)

ನಮ್ಮ ಸರ್ವರಿನಲ್ಲಿ ಇದ್ದದ್ದು ಹೀಗೆ:

/ಫೈನಲ್ 192.168.1.10 (ಆರ್‌ಡಬ್ಲ್ಯೂ)

ಎರಡನ್ನೂ ಇನ್ನೊಮ್ಮೆ ನೋಡಿ. ಹತ್ತರ ನಂತರ, ಬ್ರಾಕೆಟ್ಟಿಗೆ ಮೊದಲು ಒಂದು ಸ್ಪೇಸ್ ಬಿದ್ದಿದೆ. ಅಷ್ಟೇ ವ್ಯತ್ಯಾಸ.

ನಮಗೆ ಓದುವಾಗ ಎರಡೂ ಒಂದೇ. ಸರ್ವರಿಗೆ ಹಾಗಲ್ಲ. ಸ್ಪೇಸ್ ಬಂದರೆ ಅಲ್ಲಿಗೆ ಒಬ್ಬರ ವಿಷಯ ಮುಗಿಯಿತು, ಇನ್ನೊಬ್ಬರ ವಿಷಯ ಶುರುವಾಯಿತು ಎಂದು ಅದು ತಿಳಿಯುತ್ತದೆ. ಆದ್ದರಿಂದ 192.168.1.10ಕ್ಕೆ ಯಾವ ಅನುಮತಿಯನ್ನೂ ಬರೆದಿಲ್ಲ ಎಂದುಕೊಂಡು ಅದಕ್ಕೆ ರೂಢಿಯ ಅನುಮತಿ ಕೊಟ್ಟಿತು. ರೂಢಿ ಎಂದರೆ ಓದಲು ಮಾತ್ರ. ಬ್ರಾಕೆಟ್ಟಿನ ಹಿಂದೆ ಯಾರ ಹೆಸರೂ ಇಲ್ಲ. ಹೆಸರಿಲ್ಲ ಎಂದರೆ ಎಲ್ಲರೂ ಎಂದು ಅರ್ಥ ಮಾಡಿಕೊಂಡಿತು. ಹೀಗೆ ಬರೆಯಬೇಕಿದ್ದ ಒಬ್ಬ ಸರ್‌ಗೆ ಬರೆಯಲು ಆಗಲಿಲ್ಲ, ಬರೆಯಬಾರದಿದ್ದ ಎಲ್ಲರಿಗೂ ಬರೆಯಲು ಆಯಿತು.

ಈಗ ನೆನಪಿಸಿಕೊಳ್ಳಿ. "ನನ್ನ ಕಂಪ್ಯೂಟರಿನಿಂದ ಫೈನಲ್‌ಗೆ ಸೇವ್ ಆಗುವುದಿಲ್ಲ" ಎಂದು ಹೇಳಿ ಸರ್ ಎಷ್ಟೋ ಸಲ ನಮ್ಮನ್ನು ಐದನೇ ಸಿಸ್ಟಮ್‌ನಿಂದ ಎಬ್ಬಿಸಿ ಅಲ್ಲಿ ಕುಳಿತು ಸೇವ್ ಮಾಡುತ್ತಿದ್ದರು. ನಾವು ನಗುತ್ತಿದ್ದೆವು. ಸರ್ ಕಂಪ್ಯೂಟರಿನಲ್ಲಿ ಆಗದ್ದು ನಮ್ಮ ಕಂಪ್ಯೂಟರಿನಲ್ಲಿ ಆಗುವುದು ಏಕೆ ಎಂದು ಯಾರೂ ಕೇಳಲಿಲ್ಲ. ಕಾಯಿಲೆಯ ಲಕ್ಷಣ ಆರು ತಿಂಗಳಿನಿಂದ ಕಣ್ಣೆದುರೇ ಇತ್ತು.

ಸರ್ವರ್ ಕೂಡ ಸುಮ್ಮನಿರಲಿಲ್ಲ. ಎಕ್ಸ್‌ಪೋರ್ಟ್ಸ್ ಫೈಲನ್ನು ಬದಲಿಸಿದ ಮೇಲೆ 'ಎಕ್ಸ್‌ಪೋರ್ಟ್‌ಎಫ್‌ಎಸ್' ಎಂಬ ಕಮಾಂಡ್ ಕೊಡಬೇಕು. ಅಕ್ಕ ಅದನ್ನು ಕೊಟ್ಟು ತೋರಿಸಿದರು. ಈ ಸಾಲಿನಲ್ಲಿ ಕಂಪ್ಯೂಟರಿನ ಹೆಸರು ಇಲ್ಲ ಎಂಬ ಎಚ್ಚರಿಕೆ ಪರದೆಯ ಮೇಲೆ ಬಂತು. ಎಚ್ಚರಿಕೆ ಬಂದರೂ ಕೆಲಸ ನಡೆಯುತ್ತದೆ, ಹಾಗಾಗಿ ಮೊದಲ ಸಲ ಬಂದಾಗ ಯಾರೂ ಓದಿರಲಿಲ್ಲ. ಅದೇ ಕಮಾಂಡಿಗೆ 'ಮೈನಸ್ ವಿ' ಸೇರಿಸಿದರೆ ಯಾವ ಫೋಲ್ಡರ್ ಯಾರಿಗೆ ತೆರೆದಿದೆ ಎಂಬ ಪಟ್ಟಿ ಬರುತ್ತದೆ. 'ಫೈನಲ್' ಎಂಬುದರ ಎದುರು 'ವರ್ಲ್ಡ್' ಎಂದಿತ್ತು. ಲೋಕಕ್ಕೆಲ್ಲ ತೆರೆದಿದೆ ಎಂದರ್ಥ.

ಹಾಗಾದರೆ ಅಳಿಸಿದ್ದು ಯಾರು? ಯಾವುದಾದರೂ ಒಂದು ಸಿಸ್ಟಮ್‌ನಲ್ಲಿ ಕುಳಿತವರು ಬೇಕೆಂದೇ ಅಳಿಸಿರಬಹುದು. ತನ್ನ ಫೋಲ್ಡರ್ ಎಂದು ತಪ್ಪಿ ಅಳಿಸಿರಬಹುದು. ಸರ್ವರನ್ನು ಕೇಳಿದರೆ ಹೇಳುವುದಿಲ್ಲವೇ ಎಂದು ನಾನು ಅಕ್ಕನನ್ನು ಕೇಳಿದೆ. ಅದಕ್ಕೆ ಅವರು ಹೇಳಿದ ಎರಡನೆಯ ಸಂಗತಿ ನನಗೆ ಇನ್ನೂ ಹೆಚ್ಚು ನಾಚಿಕೆ ತಂದಿತು.

ಎನ್‌ಎಫ್‌ಎಸ್ ಸರ್ವರ್ ನಮ್ಮ ಹೆಸರನ್ನು ನೋಡುವುದಿಲ್ಲ, ನಂಬರನ್ನು ನೋಡುತ್ತದೆ. ಲಿನಕ್ಸಿನಲ್ಲಿ ಪ್ರತಿ ಬಳಕೆದಾರನಿಗೂ ಒಂದು ನಂಬರ್ ಇರುತ್ತದೆ. ಉಬುಂಟು ಹಾಕುವಾಗ ಮೊದಲು ಮಾಡಿದ ಬಳಕೆದಾರನಿಗೆ 1000 ಎಂಬ ನಂಬರ್ ಸಿಗುತ್ತದೆ. ನಮ್ಮ ಮೂವತ್ತು ಕಂಪ್ಯೂಟರಿನಲ್ಲೂ 'ಸ್ಟೂಡೆಂಟ್' ಎಂಬ ಒಬ್ಬನೇ ಬಳಕೆದಾರ. ಮೂವತ್ತರಲ್ಲೂ ಅವನ ನಂಬರ್ 1000. ಸಾಮಾನ್ಯ ವ್ಯವಸ್ಥೆಯಲ್ಲಿ "ನಾನು 1000" ಎಂದು ಕಂಪ್ಯೂಟರ್ ಹೇಳಿದರೆ ಸರ್ವರ್ ಅದನ್ನು ಹಾಗೆಯೇ ನಂಬುತ್ತದೆ. ಆದ್ದರಿಂದ ಪ್ರಥಮ, ದ್ವಿತೀಯ, ಹುಡುಗರು, ಹುಡುಗಿಯರು, ನಾನು, ನೀವು, ಆ ಹುಡುಗ, ಐದನೇ ಸಿಸ್ಟಮ್‌ನಲ್ಲಿ ಕುಳಿತ ಸರ್ ಕೂಡ ಸರ್ವರಿನ ಕಣ್ಣಿಗೆ ಒಬ್ಬನೇ ಮನುಷ್ಯ. ಯಾರು ಏನು ಅಳಿಸಿದರು ಎಂದು ಬರೆದಿಡುವ ಏರ್ಪಾಡನ್ನೂ ಯಾರೂ ಮಾಡಿರಲಿಲ್ಲ. ಸಾಲದ್ದಕ್ಕೆ ಆಫೀಸಿನ ವೈಫೈ ಕೂಡ ಇದೇ ನೆಟ್‌ವರ್ಕಿಗೆ ಸೇರಿದೆ. ಅಂದರೆ ವರಾಂಡದಲ್ಲಿ ಲ್ಯಾಪ್‌ಟಾಪ್ ಹಿಡಿದು ಕುಳಿತವರಿಗೂ ಆ ಫೋಲ್ಡರಿನ ದಾರಿ ತೆರೆದಿತ್ತು.

ಆ ಹುಡುಗನ ವಿರುದ್ಧ ನಮ್ಮಲ್ಲಿದ್ದ ಸಾಕ್ಷಿ ರಿಜಿಸ್ಟರಿನ ಒಂದು ಸಹಿ. ಅದು ಅವನು ಪ್ರಾಮಾಣಿಕವಾಗಿ ಹಾಕಿದ ಸಹಿ. ಸಹಿ ಹಾಕದೆ ಹೋದವರು ಎಷ್ಟು ಜನರೋ. ನಿಯಮ ಪಾಲಿಸಿದವನೇ ಸಿಕ್ಕಿಬಿದ್ದ.

ಅಮಾನತಿನ ಮಾತು ಅಲ್ಲಿಗೆ ನಿಂತಿತು. ಸರ್ ಹೋಗಿ ಪ್ರಿನ್ಸಿಪಾಲರಿಗೆ ವಿವರಿಸಿದರು. ನಾವು ನಾಲ್ಕೈದು ದಿನ ನಿದ್ದೆಗೆಟ್ಟು ಪ್ರೋಗ್ರಾಮುಗಳನ್ನು ಮತ್ತೆ ಟೈಪ್ ಮಾಡಿ ರೆಕಾರ್ಡ್ ಮುಗಿಸಿದೆವು. ಪರೀಕ್ಷೆಯೂ ಮುಗಿಯಿತು. ಎಲ್ಲರೂ ವಿಷಯ ಮರೆತರು. ಆದರೆ ಎರಡು ಸಂಗತಿಗಳು ಹಾಗೇ ಉಳಿದಿವೆ. ಒಂದು, ಅವನದು ತಪ್ಪಿಲ್ಲ ಎಂದು ಕಾಲೇಜಿನಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಇನ್ನೊಂದು, ಅಂದಿನಿಂದ ಹಂಚಿಕೆಯ ಫೋಲ್ಡರುಗಳನ್ನೆಲ್ಲ ಪೂರ್ತಿ ಮುಚ್ಚಿದ್ದಾರೆ, ಕ್ಲಾಸು ಮುಗಿದ ಮೇಲೆ ಲ್ಯಾಬಿಗೆ ಬೀಗ ಹಾಕುತ್ತಿದ್ದಾರೆ.

ಈ ಎರಡನೆಯ ತೀರ್ಮಾನ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಅದನ್ನು ವಿನಯದಿಂದಲೇ ಹೇಳುತ್ತೇನೆ.

ಫೋಲ್ಡರುಗಳನ್ನು ಮುಚ್ಚಿದ ಮೇಲೆ ಏನಾಗಿದೆ ನೋಡಿ. ಎಲ್ಲರ ಕೈಯಲ್ಲಿ ಮತ್ತೆ ಪೆನ್‌ಡ್ರೈವ್ ಬಂದಿದೆ. ಒಂದೇ ಪ್ರೋಗ್ರಾಮಿನ ಐದು ಪ್ರತಿ ಐದು ಕಡೆ, ಯಾವುದು ಹೊಸತು ಎಂದು ಬರೆದವರಿಗೇ ಗೊತ್ತಿಲ್ಲ. ಪೆನ್‌ಡ್ರೈವ್ ಜೊತೆ ವೈರಸ್ ಕೂಡ ಬಂದಿದೆ. ಪೆನ್‌ಡ್ರೈವ್ ಇಲ್ಲದವರು ಇನ್ನೊಬ್ಬರನ್ನು ಬೇಡಬೇಕು. ಮನೆಯಲ್ಲಿ ಕಂಪ್ಯೂಟರ್ ಇರುವವರಿಗೆ ಬೀಗದಿಂದ ನಷ್ಟವಿಲ್ಲ. ಲ್ಯಾಬಿನಲ್ಲಿ ಸಂಜೆ ಒಂದು ಗಂಟೆ ಕೂತರೆ ಮಾತ್ರ ಕೀಬೋರ್ಡ್ ಮುಟ್ಟಲು ಸಿಗುವವರಿಗೆ ನಷ್ಟ. ತಪ್ಪು ಮಾಡದವನಿಗೇ ಎರಡನೇ ಸಲ ಶಿಕ್ಷೆ ಆದಂತಾಯಿತು.

ಬಾಗಿಲು ಪೂರ್ತಿ ತೆರೆದಿಟ್ಟಾಗ ಹೀಗಾಯಿತು, ಆದ್ದರಿಂದ ಪೂರ್ತಿ ಮುಚ್ಚಿದೆವು. ಇವೆರಡರ ನಡುವೆ ಬೇರೆ ದಾರಿಯೇ ಇಲ್ಲ ಎಂಬಂತೆ ನಡೆದುಕೊಂಡೆವು. ಎಕ್ಸ್‌ಪೋರ್ಟ್ಸ್ ಎಂಬ ಫೈಲ್ ಇರುವುದೇ ಆ ನಡುವಿನ ದಾರಿಗೆ. ಯಾರಿಗೆ, ಯಾವುದು, ಎಷ್ಟು ಎಂದು ಬಿಡಿಸಿ ಬರೆಯುವುದಕ್ಕೆ. ಅಕ್ಕ ಹೇಳಿಕೊಟ್ಟದ್ದನ್ನೂ, ಆಮೇಲೆ ನಾನು ಲಿನಕ್ಸಿನ ಕೈಪಿಡಿಯಲ್ಲಿ ಓದಿದ್ದನ್ನೂ ಸೇರಿಸಿ ಕೆಲವು ಸಲಹೆಗಳನ್ನು ಮುಂದಿಡುತ್ತೇನೆ.

ಮೊದಲನೆಯದು, ಮೂರು ಫೋಲ್ಡರ್ ಇರಲಿ, ಮೂರಕ್ಕೂ ಬೇರೆ ಬೇರೆ ಅನುಮತಿ ಇರಲಿ. ಸರ್ ಕೊಡುವ ನೋಟ್ಸ್ ಮತ್ತು ಮಾದರಿ ಪ್ರೋಗ್ರಾಮುಗಳ 'ಪಾಠ' ಎಂಬ ಫೋಲ್ಡರನ್ನು ಲ್ಯಾಬಿನ ಎಲ್ಲ ಕಂಪ್ಯೂಟರುಗಳೂ ಓದಬಹುದು, ಬರೆಯುವುದು ಬೇಡ. ನಾವು ಕೆಲಸ ಮಾಡಿ ಹಾಕುವ 'ಸಲ್ಲಿಕೆ' ಎಂಬ ಫೋಲ್ಡರಿನಲ್ಲಿ ಬರೆಯಲೂ ಅನುಮತಿ ಬೇಕು. 'ಫೈನಲ್' ಸರ್ ಕಂಪ್ಯೂಟರಿಗೆ ಮಾತ್ರ. ಸಾಲುಗಳು ಹೀಗಿರಬಹುದು:

/ಪಾಠ 192.168.1.10(ಆರ್‌ಡಬ್ಲ್ಯೂ) 192.168.1.0/24(ಆರ್‌ಒ)
/ಸಲ್ಲಿಕೆ 192.168.1.0/24(ಆರ್‌ಡಬ್ಲ್ಯೂ)
/ಫೈನಲ್ 192.168.1.10(ಆರ್‌ಡಬ್ಲ್ಯೂ)

ಇಲ್ಲಿ 192.168.1.0/24 ಎಂದರೆ 192.168.1 ಎಂದು ಶುರುವಾಗುವ 256 ವಿಳಾಸಗಳ ಗುಂಪು. ನಮ್ಮ ನೆಟ್‌ವರ್ಕ್ ಪಾಠದಲ್ಲಿ ಓದಿದ ಐಪಿ ವಿಳಾಸವೇ ಇದು. ಆಫೀಸಿನ ವೈಫೈಯನ್ನು ಈ ಗುಂಪಿನಿಂದ ಹೊರಗಿಟ್ಟು ಬೇರೆ ವಿಳಾಸಗಳನ್ನು ಕೊಡಬೇಕು. ಇಲ್ಲದಿದ್ದರೆ 'ಲ್ಯಾಬ್' ಎಂದು ಬರೆದದ್ದರಲ್ಲಿ ವರಾಂಡವೂ ಸೇರಿಬಿಡುತ್ತದೆ.

ಎರಡನೆಯದು, ಎಲ್ಲರೂ 1000 ಆಗಿರುವುದು ನಿಲ್ಲಬೇಕು. ಪ್ರತಿ ವಿದ್ಯಾರ್ಥಿಗೂ ಒಂದು ಲಾಗಿನ್, ಎಲ್ಲ ಕಂಪ್ಯೂಟರಿನಲ್ಲೂ ಅದೇ ನಂಬರ್ ಇರಲಿ. ಜೊತೆಗೆ 'ಸಲ್ಲಿಕೆ' ಫೋಲ್ಡರಿಗೆ ಸ್ಟಿಕಿ ಬಿಟ್ ಹಾಕಿದರೆ ಒಬ್ಬರು ಹಾಕಿದ ಫೈಲನ್ನು ಇನ್ನೊಬ್ಬ ವಿದ್ಯಾರ್ಥಿ ಅಳಿಸಲು ಆಗುವುದಿಲ್ಲ. ಕೆಲಸ ಸ್ವಲ್ಪ ಹೆಚ್ಚು, ನಿಜ. ಆದರೆ ಹಾಜರಿ ಪುಸ್ತಕದಲ್ಲಿ ಎಲ್ಲರಿಗೂ ಒಂದೇ ರೋಲ್ ನಂಬರ್ ಕೊಟ್ಟು ಯಾರು ಬಂದಿಲ್ಲ ಎಂದು ಕೇಳುತ್ತೇವೆಯೇ?

ಮೂರನೆಯದು, ಕಷ್ಟ ಬಂದಾಗ ಅನುಮತಿಯನ್ನು ಇನ್ನಷ್ಟು ಸಡಿಲ ಮಾಡುವ ಅಭ್ಯಾಸ ಬಿಡಬೇಕು. ಸರ್ ಕಂಪ್ಯೂಟರಿನಿಂದ ಸೇವ್ ಆಗದಿದ್ದಾಗ "ನೋ ರೂಟ್ ಸ್ಕ್ವಾಶ್ ಹಾಕಿ, ಎಲ್ಲ ಸರಿಯಾಗುತ್ತದೆ" ಎಂದು ಯಾರೋ ಹೇಳಿದ್ದರಂತೆ. ಪುಣ್ಯಕ್ಕೆ ಹಾಕಿರಲಿಲ್ಲ. ರೂಟ್ ಎಂದರೆ ಲಿನಕ್ಸಿನ ಯಜಮಾನ, ಅವನ ನಂಬರ್ 0. ಯಾವುದೋ ಸಿಸ್ಟಮ್‌ನಲ್ಲಿ ಕುಳಿತು "ನಾನು ರೂಟ್" ಎಂದರೆ ಎನ್‌ಎಫ್‌ಎಸ್ ಸರ್ವರ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ಅವನನ್ನು 'ನೋಬಡಿ' ಎಂಬ, ಯಾವ ಅಧಿಕಾರವೂ ಇಲ್ಲದ ಬಳಕೆದಾರನನ್ನಾಗಿ ಮಾಡಿ ಕೂರಿಸುತ್ತದೆ. ಇದೇ ರೂಟ್ ಸ್ಕ್ವಾಶ್. ಅದನ್ನು ತೆಗೆದರೆ ಯಾವ ಸಿಸ್ಟಮ್‌ನ ರೂಟ್ ಪಾಸ್‌ವರ್ಡ್ ಗೊತ್ತಿದ್ದವರೂ ಆ ಫೋಲ್ಡರಿನ ಮಟ್ಟಿಗೆ ಸರ್ವರಿಗೇ ಯಜಮಾನರಾಗುತ್ತಾರೆ. ನಮ್ಮ ನಿಜವಾದ ತೊಂದರೆ ಒಂದು ಸ್ಪೇಸ್. ಅದಕ್ಕೆ ಔಷಧಿ ಎಂದು ಈ ವಿಷ ಕುಡಿಯಬೇಕಿರಲಿಲ್ಲ.

ನಾಲ್ಕನೆಯದು, ವೇಗದ ಆಸೆಗೆ 'ಅಸಿಂಕ್' ಎಂದು ಬರೆಯುವುದು ಬೇಡ, 'ಸಿಂಕ್' ಇರಲಿ. 'ಸಿಂಕ್' ಇದ್ದರೆ ಸರ್ವರ್ ಫೈಲನ್ನು ಡಿಸ್ಕಿಗೆ ಬರೆದ ಮೇಲೆಯೇ "ಆಯಿತು" ಎನ್ನುತ್ತದೆ. 'ಅಸಿಂಕ್' ಇದ್ದರೆ ಬರೆಯುವ ಮೊದಲೇ "ಆಯಿತು" ಎನ್ನಬಹುದು. ಆ ಹೊತ್ತಿಗೆ ಕರೆಂಟ್ ಹೋದರೆ ಫೈಲೂ ಹೋಗುತ್ತದೆ. ನಮ್ಮೂರಿನ ಕರೆಂಟ್ ಹೇಗೆ ಎಂದು ನಾನು ಬೇರೆ ಹೇಳಬೇಕಿಲ್ಲ.

ಐದನೆಯದು, ವಾರಕ್ಕೊಮ್ಮೆ 'ಫೈನಲ್' ಎಂಬುದರ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದು ಆಫೀಸಿನ ಬೀರುವಿನಲ್ಲಿ ಇಡಬೇಕು. ಇದೊಂದು ಇದ್ದಿದ್ದರೆ ಇಡೀ ಗಲಾಟೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು.

ಕೊನೆಯದು, ಯಾವ ಫೋಲ್ಡರ್ ಯಾರಿಗೆ ಎಷ್ಟು ತೆರೆದಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಲ್ಯಾಬಿನ ಗೋಡೆಗೆ ಅಂಟಿಸಬೇಕು. ತಿಂಗಳಿಗೊಮ್ಮೆ ದ್ವಿತೀಯ ಪಿಯುಸಿಯ ಇಬ್ಬರು ಸರ್ ಜೊತೆ ಕುಳಿತು 'ಎಕ್ಸ್‌ಪೋರ್ಟ್‌ಎಫ್‌ಎಸ್ ಮೈನಸ್ ವಿ' ಕೊಟ್ಟು, ಪರದೆಯಲ್ಲಿ ಬಂದದ್ದೂ ಗೋಡೆಯಲ್ಲಿ ಇರುವುದೂ ಒಂದೇ ಹೌದೋ ಅಲ್ಲವೋ ಎಂದು ನೋಡಬೇಕು. ನಾವು ಬರೆಯಬೇಕು ಎಂದುಕೊಂಡದ್ದು ಒಂದು, ಬರೆದದ್ದು ಇನ್ನೊಂದು ಆಗಿರುವುದು ಸಾಧ್ಯ. ಸರ್ವರ್ ನಡೆಯುವುದು ಬರೆದದ್ದರ ಪ್ರಕಾರ.

ಇದನ್ನೆಲ್ಲ ಹೇಳಿದಾಗ ನನ್ನ ಒಬ್ಬಳು ಗೆಳತಿ ಕೇಳಿದಳು, "ಇಷ್ಟೆಲ್ಲ ಯಾಕೆ? ನಮ್ಮನಮ್ಮಲ್ಲಿ ನಂಬಿಕೆ ಇಲ್ಲವಾ?" ಒಳ್ಳೆಯ ಪ್ರಶ್ನೆ. ಎನ್‌ಎಫ್‌ಎಸ್ ಮಾಡಿದ ಕಾಲದಲ್ಲೂ ಒಂದು ಆಫೀಸಿನೊಳಗೆ ಎಲ್ಲರಿಗೂ ಎಲ್ಲರ ಪರಿಚಯ ಇರುತ್ತದೆ ಎಂಬ ನಂಬಿಕೆಯೇ ಇದ್ದಿರಬೇಕು, ಅದಕ್ಕೇ ಸರ್ವರ್ ಹೇಳಿದ ನಂಬರನ್ನು ಹಾಗೇ ನಂಬುತ್ತದೆ. ಆದರೆ ನಮ್ಮ ನಂಬಿಕೆ ಎಷ್ಟು ಗಟ್ಟಿಯಿತ್ತು? ಫೈಲುಗಳು ಇರುವವರೆಗೆ ನಾವೆಲ್ಲ ಒಂದೇ ಕುಟುಂಬ. ಫೈಲುಗಳು ಹೋದ ಐದು ನಿಮಿಷಕ್ಕೆ ನಾನು ಒಬ್ಬನ ಕಡೆ ಬೆರಳು ತೋರಿಸಿದೆ. ಅದೂ ಯಾರ ಕಡೆ? ಬಡವ, ಚಿಕ್ಕವನು, ಎದುರು ಮಾತನಾಡಲು ಬಾರದವನು. ಎಲ್ಲವೂ ಎಲ್ಲರಿಗೂ ತೆರೆದಿದ್ದು, ಯಾರು ಏನು ಮಾಡಿದರು ಎಂದು ಗೊತ್ತಾಗದಿದ್ದರೆ, ಅನುಮಾನ ಹೋಗಿ ಕೂರುವುದು ಅಂಥವರ ತಲೆಯ ಮೇಲೆಯೇ. ಸರಿಯಾಗಿ ಬರೆದ ಒಂದು ಸಾಲು ಫೈಲನ್ನಷ್ಟೇ ಕಾಯುವುದಿಲ್ಲ, ಅಳಿಸದವನನ್ನೂ ಕಾಯುತ್ತದೆ. ಆ ಸಾಲು ಸರಿಯಾಗಿದ್ದಿದ್ದರೆ "ಅವನ ಕಂಪ್ಯೂಟರಿನಿಂದ ಅಳಿಸಲು ಸಾಧ್ಯವೇ ಇಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಅವನ ತಂದೆ ಬೆಂಚಿನಲ್ಲಿ ಕೂರಬೇಕಿರಲಿಲ್ಲ.

ನಮ್ಮ ಮನೆಗಳಲ್ಲಿ 'ಅಮಾನತ್' ಎಂಬ ಮಾತು ಬಳಕೆಯಲ್ಲಿದೆ. ಒಬ್ಬರು ನಂಬಿ ಇನ್ನೊಬ್ಬರ ಕೈಗೆ ಒಪ್ಪಿಸಿದ ವಸ್ತು ಎಂದು ಅರ್ಥ. ಆಫೀಸಿನ ಕನ್ನಡದಲ್ಲಿ 'ಅಮಾನತು' ಎಂದರೆ ಕೆಲಸದಿಂದ ಅಥವಾ ತರಗತಿಯಿಂದ ಹೊರಗಿಡುವುದು. ಆ ಎರಡು ದಿನ ಎರಡನೇ ಅರ್ಥದ ಬಗ್ಗೆ ನಾವು ತುಂಬಾ ಮಾತನಾಡಿದೆವು. ಮೊದಲ ಅರ್ಥ ಯಾರಿಗೂ ನೆನಪಾಗಲಿಲ್ಲ. ನಮ್ಮ ವರ್ಷದ ಕೆಲಸ ಸರ್ವರಿನಲ್ಲಿ ಅಮಾನತ್ ಆಗಿತ್ತು. ಒಬ್ಬ ಹುಡುಗನ ಮಾನ ನಮ್ಮ ನಾಲಿಗೆಯಲ್ಲಿ ಅಮಾನತ್ ಆಗಿತ್ತು. ಎರಡನ್ನೂ ನಾವು ಸರಿಯಾಗಿ ನೋಡಿಕೊಳ್ಳಲಿಲ್ಲ.

ಇನ್ನು ಕೆಲವು ವಾರಗಳಲ್ಲಿ ದ್ವಿತೀಯ ಪಿಯುಸಿಯ ನಾವು ಈ ಕಾಲೇಜು ಬಿಟ್ಟು ಹೋಗುತ್ತೇವೆ. ಹೋಗುವ ಮೊದಲು ಆಡಳಿತ ಮಂಡಳಿಯಲ್ಲಿ ಮತ್ತು ಪ್ರಿನ್ಸಿಪಾಲರಲ್ಲಿ ನನ್ನ ವಿನಂತಿ ಇಷ್ಟೇ. ಹಂಚಿಕೆಯ ಫೋಲ್ಡರುಗಳನ್ನು ಸರಿಯಾದ ಅನುಮತಿಯೊಂದಿಗೆ ಮತ್ತೆ ತೆರೆಯಿರಿ. ಸಂಜೆ ಒಂದು ಗಂಟೆ ಲ್ಯಾಬ್ ತೆರೆದಿಡಿ. ಬೆಳಗಿನ ಅಸೆಂಬ್ಲಿಯಲ್ಲಿ ಒಂದು ಮಾತು, ಆ ಹುಡುಗನದು ತಪ್ಪಿರಲಿಲ್ಲ ಎಂದು, ಎಲ್ಲರ ಎದುರು ಹೇಳಿ. ಆರೋಪ ಎಲ್ಲರ ಎದುರು ಆಗಿತ್ತಲ್ಲ.

ತಮ್ಮಾ, ನಿನ್ನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಒಮ್ಮೆ ಬೇಡದ ಕಡೆ ಹೇಳಿದ್ದು ಸಾಕು. ಆ ದಿನ ಮೊದಲು ಮಾತನಾಡಿದವಳು ನಾನು, ಆದ್ದರಿಂದ ಕ್ಷಮೆಯನ್ನೂ ಮೊದಲು ನಾನೇ ಕೇಳುತ್ತೇನೆ. ನೀನು ಈಗ ಲ್ಯಾಬಿನ ಕಡೆ ಬರುವುದನ್ನೇ ಬಿಟ್ಟಿದ್ದೀಯ ಎಂದು ಕೇಳಿದೆ. ದಯವಿಟ್ಟು ಬಾ. ಮುಂದಿನ ವರ್ಷ ಗೋಡೆಯ ಹಾಳೆಯನ್ನೂ ಪರದೆಯನ್ನೂ ಹೋಲಿಸಿ ನೋಡುವ ಇಬ್ಬರಲ್ಲಿ ಒಬ್ಬ ನೀನಾಗಬೇಕು ಎಂದು ಸರ್ ಹತ್ತಿರ ನಾನೇ ಹೇಳಿದ್ದೇನೆ. ಬ್ರಾಕೆಟ್ಟಿಗೆ ಮೊದಲು ಸ್ಪೇಸ್ ಇದೆಯೋ ಇಲ್ಲವೋ ಎಂದು ನಿನ್ನಷ್ಟು ಎಚ್ಚರದಿಂದ ಇನ್ಯಾರೂ ನೋಡಲಾರರು.

ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ಓರ್ವ ವಿದ್ಯಾರ್ಥಿನಿ